ರಾಕೆಟ್ಟಿಗಿಂತ ಮಣ್ಣೇ ಕಷ್ಟ

ಬೇರೆ ನಕ್ಷತ್ರಗಳಿಗೆ ಮನುಷ್ಯರು ಹೋಗುವ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ ಸಾರ್. ಆದರೆ ನಕ್ಷತ್ರಕ್ಕೆ ಹೊರಟ ಹಡಗಿನೊಳಗೇ ತೋಟ ಮಾಡಿಕೊಂಡು ತಲೆಮಾರುಗಟ್ಟಲೆ ಬದುಕಬಹುದು ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರಿಗೆ ಇದನ್ನು ಓದಿದರೆ ನಗು ಬರುತ್ತದೆ. ಮಳೆಗಾಲದಲ್ಲಿ ಕೊಳೆ ರೋಗ ಶುರುವಾದಾಗ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆಯುವುದು ನಾಲ್ಕು ದಿನ ತಡವಾದರೂ ಸಾಕು, ಎಳೆಕಾಯಿ ಉದುರಿ ಮರದ ಬುಡದಲ್ಲಿ ರಾಶಿ ಬಿದ್ದಿರುತ್ತದೆ. ಇಲ್ಲಿಯಾದರೆ ಪೇಟೆಗೆ ಹೋಗಿ ಮೈಲುತುತ್ತ ತರಬಹುದು. ಅಲ್ಲಿ?

ಅಮೆರಿಕದ ಅರಿಜೋನಾದಲ್ಲಿ 1991ರಲ್ಲಿ ಎಂಟು ಜನ ಬಯೋಸ್ಫಿಯರ್ 2 ಅನ್ನೋ ಮುಚ್ಚಿದ ಗಾಜಿನ ಕಟ್ಟಡ ಹೊಕ್ಕು ಎರಡು ವರ್ಷ ಅಲ್ಲೇ ಬೆಳೆದು ಉಂಡರು. ಮಣ್ಣಿಗೆ ಗೊಬ್ಬರದ ಅಂಶ ಜಾಸ್ತಿಯಾಗಿ ಅದರೊಳಗಿನ ಸೂಕ್ಷ್ಮಜೀವಿಗಳೇ ಆಮ್ಲಜನಕ ಖಾಲಿ ಮಾಡಿದವು. ಶೇ 21ರ ಹತ್ತಿರ ಇದ್ದದ್ದು 14ರ ಆಸುಪಾಸಿಗೆ ಇಳಿದು, ಕೊನೆಗೆ ಹೊರಗಿನಿಂದ ತುಂಬಬೇಕಾಯಿತು. ಎರಡೇ ವರ್ಷಕ್ಕೆ ಈ ಗತಿ! ಸೆಕೆಂಡಿಗೆ 17 ಕಿ.ಮೀ. ಓಡುವ ವಾಯೇಜರ್ 1 ಬಾಹ್ಯಾಕಾಶ ನೌಕೆಯ ವೇಗದಲ್ಲಿ ಹೋದರೆ ಸೂರ್ಯನನ್ನು ಬಿಟ್ಟು ತೀರಾ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಗೇ 70 ಸಾವಿರ ವರ್ಷ ದಾಟುತ್ತದೆ. ಹತ್ತು ಪಟ್ಟು ಜೋರಾಗಿ ಹೋದರೂ 7 ಸಾವಿರ ವರ್ಷ ಬೇಕು, ಅಲ್ವಾ? ಎಂಜಿನ್ ಬಗ್ಗೆ ಇಷ್ಟುದ್ದ ಬರೆದಿದ್ದೀರಿ, ಮುಂದಿನ ಸಲ ಮಣ್ಣಿನ ಬಗ್ಗೆಯೂ ಬರೆಯಿರಿ.