ಬರೀ ದೇಹ ತಾನೇ ಅಂದವರಿಗೆ

ನಿನ್ನೆ ಕಾರವಾರದ ಬೈತಖೋಲದ ಕಡೆ ನಮ್ಮ ಮಾವಶಿಯೊಬ್ಬರ ಮಣ್ಣಿಗೆ ಹೋಗಿದ್ದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ. ಪುರುಸೊತ್ತಿಲ್ಲದವರು ಮುಂದೆ ಹೋಗಿ.

ಪೆಟ್ಟಿಗೆ ಮುಚ್ಚುವ ಹೊತ್ತು. ಮೊಮ್ಮಗಳಿಗೆ ಹನ್ನೊಂದೋ ಹನ್ನೆರಡೋ ವರ್ಷ. ಅಜ್ಜಿಯ ಕೈ ಹಿಡಿದವಳು ಬಿಡುತ್ತಲೇ ಇಲ್ಲ. ಆಗ ಒಬ್ಬ ಹಿರಿಯರು, ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಯಾವಾಗಲೂ ಮೊದಲ ಬೆಂಚಿನವರು, ಬಂದು ಅವಳ ಬೆರಳು ಒಂದೊಂದಾಗಿ ಬಿಡಿಸಿದರು. "ಅಳಬಾರದು ಪುಟ್ಟಿ. ಅಜ್ಜಿ ದೇವರ ಹತ್ರ ಹೋಗಿಯಾಯ್ತು. ಇದು ಬರೀ ದೇಹ ತಾನೇ? ಹಳೇ ಅಂಗಿ ಇದ್ದ ಹಾಗೆ." ಸುತ್ತ ನಿಂತವರೆಲ್ಲ ತಲೆಯಾಡಿಸಿದರು.

ಬರೀ ದೇಹ!

ಹಳೇ ಬಟ್ಟೆಯ ಮಾತು ಗೀತೆಯದ್ದು. ದೊಡ್ಡ ಮಾತೇ. ಪಕ್ಕದ ಮನೆಯ ಭಟ್ಟರು ಹೇಳಿದರೆ ಕೈಕಟ್ಟಿ ಕೇಳುತ್ತೇನೆ. ಆದರೆ ನಾವು ಕಥೋಲಿಕರು ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಶುರು ಮಾಡುವಾಗ ದಿನಾ ಹೇಳುವುದೇನು? ಶರೀರದ ಪುನರುತ್ಥಾನವನ್ನು ನಂಬುತ್ತೇನೆ ಅಂತ. ಶರೀರದ್ದು ಸ್ವಾಮಿ! ಬಾಯಿಪಾಠ ಜಾಸ್ತಿಯಾಗಿ ನಾವು ಹೇಳಿದ್ದು ನಮಗೇ ಕೇಳಿಸುತ್ತಿಲ್ಲ.

ಈಸ್ಟರ್ ಬೆಳಗ್ಗೆ ಯೇಸುಸ್ವಾಮಿಯ ಸಮಾಧಿಯಲ್ಲಿ ಏನಿತ್ತು? ಸುತ್ತಿದ್ದ ನಾರುಬಟ್ಟೆ ಮಾತ್ರ. ದೇಹವೇ ಅಂಗಿ ಆಗಿದ್ದರೆ ಅದು ಅಲ್ಲೇ ಬಿದ್ದಿರಬೇಕಿತ್ತು, ಅಲ್ವಾ? ಬಟ್ಟೆ ಉಳಿಯಿತು, ದೇಹ ಎದ್ದು ಹೋಯಿತು. ಎದ್ದವರು ಮಾಡಿದ್ದಾದರೂ ಏನು? ಬೈಬಲಿನಲ್ಲಿ ಯೊವಾನ್ನನ ಸುವಾರ್ತೆಯ 21ನೇ ಅಧ್ಯಾಯ ತೆಗೆದು ನೋಡಿ. ರಾತ್ರಿಯೆಲ್ಲ ಬಲೆ ಬೀಸಿ ಏನೂ ಸಿಗದ ಶಿಷ್ಯರಿಗಾಗಿ ದಡದಲ್ಲಿ ಕೆಂಡದ ಮೇಲೆ ಮೀನು ಸುಡುತ್ತಿದ್ದರು. ಬನ್ನಿ, ಊಟ ಮಾಡಿ ಅಂದರು. ಆ ಬೆಳಗ್ಗೆ ಬಲೆಗೆ ಬಿದ್ದದ್ದು 153 ಮೀನು. ಅಂಥ ಹೊತ್ತಲ್ಲೂ ಯಾರೋ ಕೂತು ಎಣಿಸಿದ್ದಾರೆ, ಥೇಟ್ ನಮ್ಮ ಬಂದರಿನವರೇ! ಕೈಯಲ್ಲಿ ಮೊಳೆಯ ಗಾಯವೂ ಹಾಗೇ ಇತ್ತು. ನೋಡದೆ ನಂಬಲ್ಲ ಅಂದ ಶಿಷ್ಯ ತೋಮನಿಗೆ ಅದನ್ನೇ ತೋರಿಸಿದ್ದು.

ಮಾವಶಿಯ ಎಡಗೈ ಹೆಬ್ಬೆರಳಲ್ಲಿ ಒಂದು ಬಿಳಿ ಗೆರೆ ಇತ್ತು. ಮೆಟ್ಟುಕತ್ತಿಯಲ್ಲಿ ಬಂಗಡೆ ಕೊಯ್ಯುವಾಗ ಆದದ್ದು. ನಿನ್ನೆ ಆ ಹುಡುಗಿ ಹಿಡಿದುಕೊಂಡಿದ್ದು ಆ ಹೆಬ್ಬೆರಳನ್ನೇ. ಅದು ಅಂಗಿಯಾ?

ಇನ್ನು ಅಳಬಾರದು ಅನ್ನೋದು. ಸತ್ತುಹೋಗಿದ್ದ ಗೆಳೆಯ ಲಾಜರನನ್ನು ಎಬ್ಬಿಸಲೆಂದೇ ಹೋದ ಯೇಸುಸ್ವಾಮಿ ಮೊದಲು ಅತ್ತರು. ಇನ್ನು ಸ್ವಲ್ಪ ಹೊತ್ತಿಗೆ ಅವನು ಎದ್ದು ಬರುತ್ತಾನೆ ಅಂತ ಗೊತ್ತಿದ್ದೂ ಅತ್ತರು. ನಮ್ಮ ಮೊದಲ ಬೆಂಚಿನವರು ಅಲ್ಲಿದ್ದಿದ್ದರೆ ಅವರಿಗೂ ಬುದ್ಧಿ ಹೇಳುತ್ತಿದ್ದರೇನೋ.

ಮಣ್ಣಾದ ದೇಹ ಏಳೋದು ಹೇಗೆ ಮಾರಾಯ, ಅಂತ ನನ್ನ ಕಾಲೇಜು ಗೆಳೆಯರು ಕೇಳುತ್ತೀರಿ, ಗೊತ್ತು. ಆ ಕಾಲದ ಕೊರಿಂಥ ಊರಿನ ಕ್ರೈಸ್ತರೂ ಪ್ರೇಷಿತ ಪೌಲನಿಗೆ ಇದನ್ನೇ ಕೇಳಿದ್ದರು. ಅವನು ಬುದ್ಧಿಗೇಡಿ ಅಂತ ಬೈದೇ ಉತ್ತರ ಶುರು ಮಾಡಿದ: ಬಿತ್ತಿದ್ದು ಬರೀ ಕಾಳು, ಎದ್ದದ್ದು ಪೈರು. ಸಿಡುಕ. ಅದಕ್ಕೇ ನನಗೆ ಇಷ್ಟ. ಸುಟ್ಟರೆ? ನಮ್ಮ ಕಥೋಲಿಕ ಸಭೆ 1963ರಲ್ಲೇ ಸುಡುವುದಕ್ಕೆ ಒಪ್ಪಿದೆ. ಆದರೆ 2016ರಲ್ಲಿ, ಬೂದಿಯನ್ನು ಗಾಳಿಗೆ ನೀರಿಗೆ ಚೆಲ್ಲಬೇಡಿ ಅಂದಿತು. ಬೂದಿ ಕೂಡ 'ಬರೀ' ಅಲ್ಲ.

ಧರ್ಮ ಬಿಡಿ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದಾಗ ಗಂಗಾವಳಿ ನದಿಯಲ್ಲಿ ಸೆಪ್ಟೆಂಬರ್‌ವರೆಗೂ ಹುಡುಕಿದರು. ಗೋವಾದಿಂದ ಡ್ರೆಜರ್ ತರಿಸಿದರು. ಜೀವ ಇಲ್ಲ ಅಂತ ಯಾರಿಗೆ ಗೊತ್ತಿರಲಿಲ್ಲ? ಆ ದಡದಲ್ಲಿ ಕಾದವರ ಮುಂದೆ ಹೋಗಿ ಹಳೇ ಅಂಗಿ ಅನ್ನಿ ನೋಡೋಣ.

ಇಷ್ಟೊಂದು ಯಾಕೆ ಕೂಗಾಡುತ್ತಿದ್ದೇನೆ ಅಂದರೆ, ಆಯಿ, ನಮ್ಮಮ್ಮ, ಹೋದಾಗ ತಂಗಿಗೆ ಇದೇ ಮಾತು ನಾನೂ ಹೇಳಿದ್ದೆ. ಅವಳ ಅಳು ಕೇಳಲು ನನ್ನಿಂದ ಆಗುತ್ತಿರಲಿಲ್ಲ. ಅದಕ್ಕೆ ದೇವರನ್ನು ಅಡ್ಡ ತಂದೆ. ಅವಳು ಕಣ್ಣೊರೆಸಿಕೊಂಡು ಎದ್ದು ಒಳಗೆ ಹೋದಳು. ಏಳು ವರ್ಷ ಆಯ್ತು. ನನ್ನೆದುರು ಆಯಿಯ ಮಾತನ್ನೇ ತೆಗೆಯುವುದಿಲ್ಲ.

ಇವತ್ತು ಸಂಜೆ ಮಾವಶಿ ಮನೆಯಲ್ಲಿ ತೇರ್ಸ್ ಇದೆ. ಗಂಜಿ, ಒಣಮೀನಿನ ಚಟ್ನಿ ನಮ್ಮನೆಯಿಂದ. ಆ ಹಿರಿಯರೂ ಬರುತ್ತಾರೆ. ಸ್ವಲ್ಪ ಬೇಗ ಹೋಗಿ ಹುಡುಗಿಯ ಪಕ್ಕ ನಾನೇ ಕೂರುತ್ತೇನೆ, ಅವರಿಗೆ ಜಾಗ ಸಿಗದ ಹಾಗೆ.