ಹೆಸರಿಲ್ಲದ ಮೌತ್‌ಪೀಸ್

ನನ್ನ ಹಳೆಯ ಟ್ರಂಪೆಟ್ಟಿನ ಪೆಟ್ಟಿಗೆಯ ಮೂಲೆಯಲ್ಲಿ, ಒಣಗಿ ಹಪ್ಪಳದಂತಾಗಿದ್ದ ಒರೆಸುಬಟ್ಟೆಯೊಳಗೆ, ತುಟಿಗಿಟ್ಟು ಊದುವ ಬಿಡಿಭಾಗ, ಒಂದು ಮೌತ್‌ಪೀಸ್ ಸಿಕ್ಕಿತು. ಅದರ ಮೇಲೆ ಕಂಪನಿಯ ಹೆಸರಾಗಲಿ, ಸಂಖ್ಯೆಯಾಗಲಿ, ಒಂದು ಅಕ್ಷರವಾಗಲಿ ಇರಲಿಲ್ಲ. ನನ್ನಾಕೆ ಅದರೊಳಗೆ ಇಣುಕಿ, "ಎಣ್ಣೆ ಸುರಿಯುವ ಲಾಳಿಕೆಯೇನ್ರೀ ಇದು?" ಎಂದಳು. ನಾನು ಬಲ್ಲವನಂತೆ ನಕ್ಕುಬಿಟ್ಟೆ.

ಸಂಖ್ಯೆಯಿದ್ದಿದ್ದರೂ ನಾನು ಉದ್ಧಾರವಾಗುತ್ತಿದ್ದೆನೆಂದು ಹೇಳಲಾರೆ. ವಾದ್ಯ ತಯಾರಿಸುವ ಬಾಕ್ ಕಂಪನಿಯ ಲೆಕ್ಕದಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಬಟ್ಟಲು, ಅಂದರೆ ತುಟಿಯಿಡುವ ಕಡೆಯ ಗುಳಿ, ಅಗಲವಾಗುತ್ತದೆ. ಯಮಾಹಾದಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಅಗಲವಾಗುತ್ತದೆ. ಹಾಗಾಗಿ ಅಳೆದೇ ತೀರ್ಮಾನಿಸೋಣವೆಂದು ವರ್ನಿಯರ್ ಕ್ಯಾಲಿಪರ್ ಹಿಡಿದು ಕುಳಿತೆ. ಟ್ರಂಪೆಟ್ಟಿನ ಬಟ್ಟಲಿನ ಒಳವ್ಯಾಸ ಸುಮಾರು 16ರಿಂದ 17 ಮಿಲಿಮೀಟರ್, ಇತರ ಊದುವಾದ್ಯಗಳಲ್ಲಿ ಟ್ರಂಬೋನಿನದು 25ರ ಆಸುಪಾಸು, ಟ್ಯೂಬಾದ್ದು 30ನ್ನೂ ದಾಟುತ್ತದೆ. ಆದರೆ ತುಟಿಗೆ ತಾಗುವ ಅಂಚು ಒಳಗಡೆಗೆ ದುಂಡಾಗಿ ಇಳಿಯುವುದರಿಂದ, ಅಂಚು ಎಲ್ಲಿ ಮುಗಿದು ಬಟ್ಟಲು ಎಲ್ಲಿ ಶುರುವಾಯಿತೆಂಬುದನ್ನು ಕ್ಯಾಲಿಪರ್ ಹಿಡಿದ ಕೈಯೇ ನಿರ್ಧರಿಸಬೇಕು. ನನಗೆ ಮೊದಲ ಸಲ 17.6, ಎರಡನೆಯ ಸಲ 17.2, ಮೂರನೆಯ ಸಲ 16.8 ಬಂದಿತು. ಅದು ಟ್ರಂಪೆಟ್ಟಿನದೇ ಆಗಿರಲೆಂಬ ಆಸೆ ಮೊದಲಿನಿಂದಲೂ ಇದ್ದುದರಿಂದ, ನಾಲ್ಕನೆಯ ಸಲ ಅಳೆಯದೆ 16.8 ಎಂದು ಬರೆದುಕೊಂಡೆ.

ಅದರ ಬಾಲವನ್ನು, ಅಂದರೆ ವಾದ್ಯದೊಳಗೆ ಕೂರುವ ಕೊಳವೆಯನ್ನು, ಟ್ರಂಪೆಟ್ಟಿಗೆ ಸೇರಿಸಿದಾಗ ಅದು ಬಿದ್ದುಹೋಗಲಿರುವ ಹಲ್ಲಿನಂತೆ ಅಲ್ಲಾಡಿತು. ವಿವೇಕಿಯಾದವನು ಅಲ್ಲಿಗೇ ನಿಲ್ಲಿಸುತ್ತಿದ್ದ. ನಾನು ಕಾಗದ ಸುತ್ತಿ, ಅಂಗೈಯಿಂದ ಎರಡೇಟು ಕೊಟ್ಟು ಕೂರಿಸಿದೆ. ಬಾಲವನ್ನು ತುದಿಯತ್ತ ಸಣ್ಣಗಾಗುತ್ತ ಹೋಗುವಂತೆ ಕಡೆದಿರುವುದರಿಂದ, ಸುಮ್ಮನೆ ಇಟ್ಟು ಕೊಂಚ ತಿರುಗಿಸಿದರೆ ಅದು ತಾನಾಗಿ ಹಿಡಿದುಕೊಳ್ಳುತ್ತದೆ, ಏಟು ಕೊಟ್ಟರೆ ಬೆಣೆಯಂತೆ ಕಚ್ಚಿಕೊಳ್ಳುತ್ತದೆ. ಊದಿದಾಗ ಕಂಬಳಿಯೊಳಗೆ ಯಾರೋ ಗೊಣಗಿದಂತಹ ಸ್ವರವೊಂದು ಹೊರಟಿತು. ಆಮೇಲೆ ಎಳೆದರೆ ಮೌತ್‌ಪೀಸ್ ಜಪ್ಪಯ್ಯ ಎನ್ನಲಿಲ್ಲ.

ಇಕ್ಕಳ ಹಾಕಬಾರದೆಂದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಬಟ್ಟೆ ಸುತ್ತಿ ಹಾಕಿದೆ. ಬಟ್ಟೆ ಜಾರಿತು, ಇಕ್ಕಳ ಜಾರಲಿಲ್ಲ. ಟ್ರಂಪೆಟ್ಟಿನ ಕೊಳವೆಯ ಬೆಸುಗೆ 'ಕಿರ್' ಎಂದಾಗ ನನ್ನ ಕೈಗಳು ತಾವಾಗಿಯೇ ಹಿಂದೆ ಸರಿದವು.

ವಾದ್ಯ ರಿಪೇರಿ ಮಾಡುವ ಹಿರಿಯರೊಬ್ಬರು ತಿರುಪಿನ ಸಾಧನವೊಂದನ್ನು ಸಿಕ್ಕಿಸಿ, ಸಮವಾಗಿ ಬಿಗಿಯುತ್ತ ಬಂದು, ಅರ್ಧ ನಿಮಿಷದಲ್ಲಿ ಅದನ್ನು ಹೊರತೆಗೆದರು. ಅಳೆಯುವ ಗೋಜಿಗೆ ಅವರು ಹೋಗಲೇ ಇಲ್ಲ, ಬೆಳಕಿಗೆ ಹಿಡಿದು ಒಳಗೆ ನೋಡಿದರು.

"ಟ್ರಂಪೆಟ್ಟಿನದಕ್ಕೆ ಬಟ್ಟಲಿನ ಹಾಗೆ ತಳ ಇರುತ್ತದೆ, ತಳದಲ್ಲಿ ತೂತು. ಇದಕ್ಕೆ ತಳವೇ ಇಲ್ಲ ನೋಡಿ, ಅಂಚಿನಿಂದ ತೂತಿನವರೆಗೂ ಲಾಳಿಕೆಯ ಹಾಗೆ ಇಳಿದಿದೆ. ಅಂಚೂ ತೆಳು, ಬಾಲವೂ ಸಣ್ಣ. ಫ್ರೆಂಚ್ ಹಾರ್ನಿನದು ಸ್ವಾಮಿ ಇದು."

ಲಾಳಿಕೆ ಎಂಬ ಮಾತನ್ನು ಮನೆಯಲ್ಲಿ ಹೇಳಬೇಕೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗಲೇ ಅವರು ಕನ್ನಡಕವನ್ನು ಹಣೆಗೇರಿಸಿ, ಮೌತ್‌ಪೀಸಿನ ಹೊರಮೈಯನ್ನು ಹೆಬ್ಬೆರಳಿನಿಂದ ಸವರಿದರು.

"ಗುರುತೇ ಇಲ್ಲ ಅಂದಿರಲ್ಲ? ಇಲ್ಲಿ ಎರಡೂ ಕಡೆ ಸಾಲಾಗಿ ಏನೋ ಕೆತ್ತಿದ್ದಾರೆ. ಯಾವ ಕಂಪನಿಯದಿರಬಹುದು?"

ನಾನು ಪೆಟ್ಟಿಗೆಯ ಕೊಂಡಿ ಹಾಕುವುದರಲ್ಲಿ ಮಗ್ನನಾದೆ.