ಜೆಟ್ಟಿ ಆಮೇಲೆ, ಮೊದಲು ಅಳಿವೆಯ ಆಳ ನೋಡಿ

ಸ್ವರ್ಣಾ, ಸೀತಾ ನದಿಗಳು ಒಟ್ಟಾಗಿ ಕಡಲು ಸೇರುವ ಉಡುಪಿ ಜಿಲ್ಲೆಯ ಕೋಡಿಬೆಂಗ್ರೆಯಲ್ಲಿ ಮೀನು ಬೋಟು, ನಾಡದೋಣಿಗಳ ಜೊತೆಗೆ ಈಗ ಪ್ರವಾಸಿ ಬೋಟು, ಕಯಾಕ್‌ಗಳೂ ಓಡಾಡುತ್ತವೆ. ಪ್ರವಾಸೋದ್ಯಮ ಅಂದಕೂಡಲೇ ನಮ್ಮ ಕರಾವಳಿಯಲ್ಲಿ ಜೆಟ್ಟಿ, ಇಂಟರ್‌ಲಾಕ್, ಸೆಲ್ಫಿ ಪಾಯಿಂಟ್ ಎಂಬ ಬೇಡಿಕೆ ಏಳುತ್ತದೆ. ನನ್ನ ತಕರಾರು ಇಷ್ಟೇ: ದುಡ್ಡು ಮೊದಲು ಸುರಿಯಬೇಕಾದ್ದು ನದಿ ಕಡಲು ಸೇರುವ ಅಳಿವೆ ಬಾಗಿಲಿನ ಚಾನೆಲ್‌ಗೆ, ಅಂದರೆ ಬೋಟು ಓಡಾಡುವ ಆಳದ ದಾರಿಗೆ.

ಮೇ ತಿಂಗಳ ಚಾನೆಲ್ ಆಗಸ್ಟ್‌ನಲ್ಲಿ ಅಲ್ಲೇ ಇರುತ್ತದೆಂದು ನಂಬುವ ಹಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದ ಯಾಂತ್ರಿಕ ಬೋಟುಗಳು ದಡದಲ್ಲಿರುವಾಗ ನೆರೆ ನೀರು ಮರಳನ್ನು ಹೊರಗೆ ತಳ್ಳುತ್ತದೆ, ಕಡಲಿನ ತೆರೆ ಅದನ್ನೇ ಬಾಗಿಲಿಗೆ ತಂದು ಒಟ್ಟುತ್ತದೆ. ದಿಬ್ಬ ಜಾಗ ಬದಲಿಸುತ್ತದೆ. ಹೂಳೆತ್ತಿದ ಮರಳನ್ನು ಅಲ್ಲೇ ಪಕ್ಕದಲ್ಲಿ ಸುರಿದರಂತೂ ಅದು ವಾಪಸ್ ಬರಲು ಹೆಚ್ಚು ದಿನ ಬೇಡ. ಹಾಗಾಗಿ ಸೀಸನ್ ಶುರುವಾಗುವ ಮೊದಲು ಆಳ ಅಳೆದು, ದಾರಿ ತೋರಿಸುವ ತೇಲುಗುರುತು, ಅಂದರೆ ಬೋಯಾ ಹಾಕಬೇಕು. ದೊಡ್ಡ ತೂಫಾನ್ ಬಂದು ಹೋದರೆ ಮತ್ತೊಮ್ಮೆ ಅಳೆಯಬೇಕು. ಆಳ ಅಳೆಯುವ ಯಂತ್ರ ಎಕೋ ಸೌಂಡರ್ ಇಲ್ಲವೇ? ಗುಂಡು ಕಟ್ಟಿದ, ಗುರುತು ಹಾಕಿದ ಹಗ್ಗ ಸಾಕು. ಅಳೆದ ಹೊತ್ತಿನಲ್ಲಿ ಭರತವೋ ಇಳಿತವೋ ಎಂದು ಬರೆದಿಡದಿದ್ದರೆ ಮಾತ್ರ ಆ ಅಂಕಿ ದಂಡ.

ಲೆಕ್ಕ ಹೀಗೆ. ಇಳಿತದಲ್ಲಿ ದಿಬ್ಬದ ಮೇಲೆ ಒಂದೂವರೆ ಮೀಟರ್ ನೀರಿದೆ, ಭರತ ಒಂದು ಮೀಟರ್ ಏರಿದೆ ಎಂದಿಟ್ಟುಕೊಳ್ಳಿ. ಒಟ್ಟು ಎರಡೂವರೆ. ತೆರೆಯ ತಗ್ಗಿನಲ್ಲಿ ಅರ್ಧ ಮೀಟರ್ ಕಳೆಯಿತು, ಉಳಿದದ್ದು ಎರಡು. ಮೀನು ತುಂಬಿ ಎರಡು ಮೀಟರ್ ಮುಳುಗಿದ ಬೋಟಿನ ಅಡಿ ನೆಲಕ್ಕೆ ತಾಗಿದಂತೆಯೇ. ಅದೇ ಜಾಗದಲ್ಲಿ ಪ್ರವಾಸಿ ದೋಣಿ ಆರಾಮಾಗಿ ದಾಟುತ್ತದೆ, ದಾಟಿದ್ದನ್ನೇ ಧೈರ್ಯ ಎಂದುಕೊಳ್ಳುತ್ತದೆ.

ಸಣ್ಣ ದೋಣಿಗೆ ಅಪಾಯ ಇರುವುದು ಆಳದಲ್ಲಲ್ಲ, ಇಳಿತದಲ್ಲಿ. ಸುಮಾರು ಆರು ತಾಸಿನ ಇಳಿತದಲ್ಲಿ ಮೂರನೇ, ನಾಲ್ಕನೇ ತಾಸಿಗೇ ಅರ್ಧದಷ್ಟು ನೀರು ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಸೆಳೆತ ಇನ್ನೂ ಜೋರು. ಹೊರಹೋಗುವ ಈ ನೀರಿಗೆ ಕಡಲಿನ ತೆರೆ ಎದುರಾದಾಗ ತೆರೆಗಳ ನಡುವಿನ ಅಂತರ ಕಿರಿದಾಗಿ, ಅವು ಕಡಿದಾಗಿ ಎದ್ದು ಒಡೆಯುತ್ತವೆ. ದಡದಿಂದ ನೋಡಿದರೆ ಬಿಳಿ ನೊರೆ ಅಷ್ಟೇ. ಭರತದ ಕೊನೆಯ ಹೊತ್ತು ದಾಟಲು ಒಳ್ಳೆಯದು. ಆದರೆ ಟೈಡ್ ಟೇಬಲ್ ನೋಡಿ ಹೊರಟರೆ ಸಾಲದು. ಕಡಲಲ್ಲಿ ನೀರು ಏರಲು ಶುರುವಾದ ಮೇಲೂ ಒಳಗಿನ ಹಿನ್ನೀರು ಸ್ವಲ್ಪ ಹೊತ್ತು ಹೊರಗೇ ಹರಿಯುತ್ತಿರುತ್ತದೆ.

ಒಳಬರುವಾಗ ಹೊರಗೆ ನಿಂತು ದೊಡ್ಡ ತೆರೆಗಳ ಸಾಲು ಕಳೆಯಲಿ. ಆಮೇಲೆ ಒಂದು ತೆರೆಯ ಬೆನ್ನ ಹಿಂದೆ, ಅದರದೇ ವೇಗದಲ್ಲಿ ಬನ್ನಿ. ಅದನ್ನು ಹಿಂದಿಕ್ಕಲು ಹೋದರೆ ಮೂತಿ ತಗ್ಗಿಗೆ ಹುಗಿದು, ಹಿಂಭಾಗ ತಿರುಗಿ, ದೋಣಿ ತೆರೆಗೆ ಅಡ್ಡ ಬೀಳುತ್ತದೆ. ಆ ಕ್ಷಣಕ್ಕೆ ಜನ ಫೋಟೋಕ್ಕೆಂದು ಒಂದೇ ಬದಿಗೆ ವಾಲಿದ್ದರೆ ಮುಗಿಯಿತು.

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಮಂದಿ. ಅದು ಮೀನುಗಾರಿಕೆ ದೋಣಿಯನ್ನು ಮಾರ್ಪಡಿಸಿದ ಪ್ರವಾಸಿ ಬೋಟು. ಎರಡರಲ್ಲೂ ಮಿತಿಗಿಂತ ಹೆಚ್ಚು ಜನ. ಮೀನು ಹೊರಲು ಕಟ್ಟಿದ ದೋಣಿಯಲ್ಲಿ ಭಾರ ತಳದಲ್ಲಿರುತ್ತದೆ. ಮೇಲೊಂದು ಅಂತಸ್ತು ಎಬ್ಬಿಸಿ ಜನ ಹತ್ತಿಸಿದರೆ ಭಾರವೆಲ್ಲ ತಲೆಗೇರುತ್ತದೆ. ಲೈಫ್ ಜಾಕೆಟ್ ಸೀಟಿನಡಿ ಮಡಚಿಟ್ಟರೆ ಅದು ಇನ್‌ಸ್ಪೆಕ್ಷನ್‌ಗೆ ಮಾತ್ರ. ಜೆಟ್ಟಿಯಲ್ಲೇ ತೊಡಿಸಿ, ಬಕಲ್ ಹಾಕಿಸಿ ಹತ್ತಿಸಬೇಕು.

ದೋಣಿಯ ಹಿಂಬದಿಗೆ ಹೊರಗಡೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ ಇರುವವರಿಗೆ ಒಂದು ಮಾತು. ದಿಬ್ಬದ ಮೇಲೆ ಹಾದಾಗ ಕೂಲಿಂಗ್ ನೀರಿನ ಜೊತೆ ಮರಳೂ ಒಳಹೋಗಿ ನೀರು ತಳ್ಳುವ ಪಂಪಿನ ರಬ್ಬರ್ ಚಕ್ರ, ಇಂಪೆಲ್ಲರ್, ಸವೆಯುತ್ತದೆ. ಎಂಜಿನ್ ಬದಿಯ ಸಣ್ಣ ತೂತಿನಿಂದ ಚಿಮ್ಮುವ ನೀರು ಸೊರಗಿದರೆ ಒಳಗೆ ಬಿಸಿ ಏರುತ್ತಿರಬಹುದು. ಇನ್ನು ಬಲೆಯ ನೈಲಾನ್ ನೂಲು. ಫ್ಯಾನಿಗೆ (ಪ್ರೊಪೆಲ್ಲರ್) ಸುತ್ತಿದ್ದನ್ನು ಎಂಜಿನ್ ನಿಲ್ಲಿಸಿ ಕತ್ತರಿಸಿದರಷ್ಟೇ ಸಾಲದು. ಫ್ಯಾನ್ ಬಿಚ್ಚಿ ಶಾಫ್ಟ್ ಸೀಲಿನ ಹತ್ತಿರ ನೋಡಿ, ಎಳೆ ಅಲ್ಲೇ ಕಚ್ಚಿಕೊಂಡಿರುತ್ತದೆ. ಸೀಲ್ ಹರಿದು ನೀರು ನುಗ್ಗಿದರೆ ಗೇರ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಅಳಿವೆ ಮಧ್ಯೆ ಗೇರ್ ಕೈಕೊಟ್ಟರೆ ಲಂಗರೊಂದೇ ಗತಿ, ಅದನ್ನು ಹಗ್ಗ ಕಟ್ಟಿ ಕೈಗೆ ಸಿಗುವಂತೆ ಮುಂಭಾಗದಲ್ಲೇ ಇಟ್ಟುಕೊಳ್ಳಿ.

ಕಯಾಕ್‌ನವರು ಸೀತಾ ನದಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಒಳದಾರಿಯಲ್ಲೇ ಇರಲಿ. ಬಾಗಿಲಿಗೆ ಅವರನ್ನು ಕರೆತರುವುದು ಬೇಡವೇ ಬೇಡ, ಮೀನು ತುಂಬಿದ ಬೋಟಿಗೆ ಅಲ್ಲಿ ಬ್ರೇಕ್ ಇಲ್ಲ. ಮತ್ತೆ, ಚಾನೆಲ್ ಈ ವಾರ ಯಾವ ಕಡೆ ಸರಿದಿದೆ ಎಂದು ದಿನಾ ದಾಟುವ ತಾಂಡೇಲರಿಗೆ, ಅಂದರೆ ಬೋಟು ನಡೆಸುವವರಿಗೆ, ಗೊತ್ತಿರುತ್ತದೆ. ಪ್ರವಾಸಿ ಬೋಟಿನ ಲೈಸೆನ್ಸ್ ಕೊಡುವವರು ಅವರನ್ನು ಕೂರಿಸಿ ಕೇಳಲಿ, ಅವರು ಹೇಳಿದ್ದನ್ನು ಟಿಕೆಟ್ ಕೌಂಟರ್ ಪಕ್ಕದ ಹಲಗೆಯ ಮೇಲೆ ತಾರೀಕು ಹಾಕಿ ಬರೆಸಲಿ. ಇದಕ್ಕೆ ಟೆಂಡರ್ ಬೇಕಿಲ್ಲ.